ಅರಿಸಿನದ ದಾರ

ನಮ್ಮ ಬೀದಿಯಲ್ಲಿ ಯಾರಾದರೂ ಬಕೆಟ್ಟಿಗೆ ಎರಡು ಹಿಡಿ ಸೋಪಿನ ಪುಡಿ ಸುರಿದು, ಬುರಬುರ ನೊರೆ ಎಬ್ಬಿಸಿ, ಮೋಟಾರ್ ಸೈಕಲ್ ಉಜ್ಜಲು ಕೂತರೆ ನನಗೆ ಮೈಯೆಲ್ಲ ಉರಿದುಹೋಗುತ್ತದೆ. ಸುಮ್ಮನಿರಲಾರದೆ ಗೇಟಿನ ಹತ್ತಿರ ಹೋಗಿ, "ಅಯ್ಯಾ, ಅದನ್ನೇನು ಬಚ್ಚಲ ಕಲ್ಲು ಅಂದುಕೊಂಡೆಯಾ?" ಎಂದುಬಿಡುತ್ತೇನೆ. ಮುದುಕನಿಗೆ ಅರಳುಮರಳು ಎಂದು ಅವರು ನಗುತ್ತಾರೆ. ನಗಲಿ. ನನಗೆ ಈ ಚಾಳಿ ಅಂಟಿಸಿದ ಮನುಷ್ಯನನ್ನು ಅವರು ನೋಡಿಲ್ಲ. ನೋಡಿದ್ದರೆ ಬಕೆಟ್ಟನ್ನು ಮೋರಿಗೆ ಚೆಲ್ಲಿ, ಅಂಟುವಾಳದ ಕಾಯಿ ಹುಡುಕಿಕೊಂಡು ಅಂಗಡಿಗೆ ಓಡುತ್ತಿದ್ದರು.

ಇದು ಐವತ್ತರ ದಶಕದ ಕೊನೆಯ ಮಾತು. ನಾನು ಹೊಳೆನರಸೀಪುರದ ದನದ ಆಸ್ಪತ್ರೆಗೆ ಡಾಕ್ಟರಾಗಿ ಬಂದಿದ್ದೆ. ಈ ಚಾಳಿ ಅಂಟಿಸಿದವರು ಅಲ್ಲಿ ಜವಾನರು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ಆದರೂ ನಾನು ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆ, ಅವರು ನನ್ನನ್ನು "ಸಾ" ಎನ್ನುತ್ತಿದ್ದರು. ಆಗಿನ ಕಾಲವೇ ಹಾಗಿತ್ತು ಎಂದು ಹೇಳಿ ಜಾರಿಕೊಳ್ಳಬಹುದು. ಈಗ ಬರೆಯಲು ಕೂತರೆ ಮಾತ್ರ ಏಕವಚನ ಬರೆಯಲು ಕೈ ಏಳುವುದಿಲ್ಲ. ಹೆಸರನ್ನೂ ಬರೆಯುವುದಿಲ್ಲ. ಅದು ಅವರ ಮಗಳಿಗೆ ಇಷ್ಟವಾಗಲಾರದು.

ಸಣಕಲು ಮೈ, ಉದ್ದನೆಯ ಕೈಗಳು, ಯಾವಾಗಲೂ ಒಗೆದ ಖಾಕಿ ಅಂಗಿ. ಅಂಗಿಯ ಎರಡನೇ ಗುಂಡಿಗೆ ಒಂದು ಹಳದಿ ದಾರ ಕಟ್ಟಿ ಒಳಕ್ಕೆ ಇಳಿಬಿಟ್ಟಿರುತ್ತಿದ್ದರು. ಯಾವುದೋ ಹರಕೆಯ ದಾರವಿರಬೇಕು ಎಂದುಕೊಂಡು ನಾನು ಕೇಳಲಿಲ್ಲ.

ಆಸ್ಪತ್ರೆಗೆ ಒಂದು ಮೋಟಾರ್ ಸೈಕಲ್ ಇತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರ ಕೈದಾಟಿ ಬಂದ ಹಳೇ ಗಾಡಿ, ಕರಿ ಟ್ಯಾಂಕು, ಕೂತರೆ ಕಿರ್ ಎನ್ನುವ ಚರ್ಮದ ಸೀಟು. ಜನ ಅದನ್ನು ಫಟ್‌ಫಟಿ ಎನ್ನುತ್ತಿದ್ದರು. ಅದರ ಸದ್ದು ಕೇಳಿದರೆ ಮೈಲಿಗಟ್ಟಲೆ ದೂರದ ಹಳ್ಳಿಮೈಸೂರಿನ ದನಗಳು ಕೂಡ ಸೂಜಿಯನ್ನು ನೆನೆದು ಕೊಟ್ಟಿಗೆಯ ಮೂಲೆಗೆ ಸರಿಯುತ್ತವೆ ಎಂದು ತಮಾಷೆ ಮಾಡುತ್ತಿದ್ದರು. ಓಡಿಸುವವನು ನಾನು, ತೊಳೆಯುವವರು ಅವರು. ಒಂದು ದಿನವೂ ಅದರ ಮೇಲೆ ಕೂತವರಲ್ಲ. ಕರೆದರೆ, "ಅದ್ರ ಕೆಸರು ನಂದು, ಅದ್ರ ಸವಾರಿ ನಿಮ್ದು. ಬುಡಿ ಸಾ" ಎನ್ನುತ್ತಿದ್ದರು.

ನಾನು ಬಂದ ಎರಡನೇ ದಿನವೇ ನಮಗೆ ಜಟಾಪಟಿಯಾಯಿತು. ಬಟ್ಟೆ ಒಗೆಯುವ ಬಾರ್ ಸೋಪಿನ ತುಂಡೊಂದನ್ನು ಕೈಗೆ ಕೊಟ್ಟು, "ಗಾಡಿ ತೊಳಿ" ಎಂದೆ. ಅವರು ಉಗುರಿನಿಂದ ಚೂರು ಸೋಪು ಕೆರೆದು, ತೆಂಗಿನ ಕರಟದಲ್ಲಿ ನೀರು ಹಾಕಿ ಕದಡಿದರು. ಆಮೇಲೆ ಅಂಗಿಯೊಳಗಿಂದ ಆ ಹಳದಿ ದಾರ ಎಳೆದು, ಅದರ ತುದಿಯನ್ನು ಕರಟದಲ್ಲಿ ಅದ್ದಿ ನನ್ನ ಮುಂದೆ ಹಿಡಿದರು. ತುದಿ ಕೆಂಪಾಗಿತ್ತು.

"ಇದು ಬ್ಯಾಡ ಸಾ. ಸುಣ್ಣದ ನೆಂಟ ಇದು. ಬಣ್ಣ ತಿಂತದೆ."

ನಾನು ಕಾಲೇಜಿನಲ್ಲಿ ಬಣ್ಣ ಬದಲಿಸುವ ಕಾಗದ ಹಿಡಿದು ಪರೀಕ್ಷೆ ಪಾಸು ಮಾಡಿದವನು. ಅದೇ ವಿದ್ಯೆ ಈ ಮನುಷ್ಯನ ಗುಂಡಿಯಲ್ಲಿ ನೇತಾಡುತ್ತಿದೆ! ಯಾರು ಹೇಳಿಕೊಟ್ಟರು ಎಂದು ಕೇಳಿದೆ.

"ನನ್ ಮದ್ವೆ ಅಂಗಿ ಏಳ್ಕೊಡ್ತು" ಎಂದು ನಕ್ಕರು.

ಮದುವೆಯ ಮಾರನೇ ದಿನ ಅರಿಸಿನ ಮೆತ್ತಿದ ಅಂಗಿಯನ್ನು ಇವರೇ ಒಗೆಯಲು ಕೂತರಂತೆ. ಸೋಪು ಹಚ್ಚಿದ ಕೂಡಲೇ ಕಲೆಯೆಲ್ಲ ಕೆಂಪು. ಅತ್ತೆ ಬಂದು ನೋಡಿ, ಅಳಿಯನಿಗೆ ಎಲ್ಲೋ ಗಾಯವಾಗಿ ರಕ್ತ ಬಂದಿದೆ ಎಂದು ಬೊಬ್ಬೆ ಹೊಡೆದರಂತೆ. "ಆರತಿ ನೀರ್ಗೆ ಸುಣ್ಣ ಆಕುದ್ರೆ ಕೆಂಪಾಯ್ತದಲ್ಲ ಸಾ, ಸೋಪಲ್ಲೂ ಅದೇ ಗುಣ ಐತೆ ಅಂತ ಆವತ್ತು ಒಳೀತು. ಸುಣ್ಣ ಕೈ ಸುಡ್ತದೆ ಅಂದ್ಮೇಲೆ ಗಾಡಿ ಮೈಯೂ ಸುಡಲ್ವಾ?" ಅಷ್ಟೇ. ಅಲ್ಲಿಂದ ದಾರಕ್ಕೆ ಅರಿಸಿನ ಹಚ್ಚಿ, ನೆರಳಲ್ಲಿ ಒಣಗಿಸಿ, ಗುಂಡಿಗೆ ಕಟ್ಟಿಕೊಂಡರು. ಬಿಸಿಲಿಗೆ ಬಿಟ್ಟರೆ ಅರಿಸಿನ ಬಾಡುತ್ತದೆ ಎಂದು ಅಂಗಿಯ ಒಳಗಡೆ.

ಅವರ ಅಂಟುವಾಳದ ನೀರು ದಾರವನ್ನು ಹಳದಿಯಾಗಿಯೇ ಬಿಡುತ್ತಿತ್ತು. ಸೀಗೆಯೂ ಪಾಸು, ಕಡಲೆಹಿಟ್ಟೂ ಪಾಸು. ಒಗೆಯುವ ಸೋಡಾ ಫೇಲು. ಒಲೆಯ ಬೂದಿಯೂ ಫೇಲು. ಹುಣಿಸೆಹಣ್ಣಿನಿಂದ ಹಿತ್ತಾಳೆ ಹೊಳೆಯುತ್ತದಲ್ಲ ಎಂದು ನಾನು ಕೆಣಕಿದರೆ, "ಹುಳಿ ಬೇರೆ ಥರದ ಕಳ್ಳ ಸಾ. ಅದು ದಾರಕ್ಕೆ ಸಿಕ್ಕಲ್ಲ, ನಾಲ್ಗೆಗೆ ಸಿಕ್ತದೆ" ಎಂದು ನಾಲಿಗೆ ತೋರಿಸುತ್ತಿದ್ದರು. ಆಯುಧಪೂಜೆಯ ದಿನ ಗುಮಾಸ್ತರು ಭಕ್ತಿಯಿಂದ ಟ್ಯಾಂಕಿನ ಮೇಲೆ ನಿಂಬೆಹಣ್ಣು ಹಿಂಡಲು ಹೋದಾಗ ಇವರು ಅಡ್ಡ ನಿಂತು, "ದೇವ್ರಿಗೆ ಹಿಂಡಿ, ಗಾಡಿಗೆ ಬ್ಯಾಡಿ" ಎಂದು ಕೈ ಹಿಡಿದಿದ್ದರು. ಸೀಮೆಎಣ್ಣೆ ಚೈನಿಗೆ ಮಾತ್ರ, ರಬ್ಬರಿನ ಹತ್ತಿರ ಸುಳಿಯಕೂಡದು. ಒಣಗಿದ ಕೆಸರನ್ನು ಉಜ್ಜಕೂಡದು, ನೀರು ಚಿಮುಕಿಸಿ ಅದೇ ಬಿಟ್ಟುಕೊಳ್ಳುವ ತನಕ ಕಾಯಬೇಕು. ನಾನು ಊರೂರು ತಿರುಗಿ ಬಂದು ಗಾಡಿ ನಿಲ್ಲಿಸಿದರೆ ಬಿಸಿ ಎಂಜಿನ್ನಿಗೆ ತಣ್ಣೀರು ಹಾಕುತ್ತಿರಲಿಲ್ಲ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಬೀಡಿ ಹಚ್ಚಿ, "ಉಸ್ರು ಬುಡ್ಲಿ ಸಾ, ಓಡ್ಬಂದೈತೆ" ಎನ್ನುತ್ತಿದ್ದರು. ನನಗೆ ನೀರು ತಂದುಕೊಡುವುದು ಆಮೇಲೆ!

ಇನ್ನು ನಾನು ಮಾಡಿದ ಕೆಲಸ ಹೇಳುತ್ತೇನೆ. ಬಚ್ಚಿಟ್ಟುಕೊಂಡರೆ ಇದನ್ನು ಬರೆಯುವುದರಲ್ಲಿ ಅರ್ಥವಿಲ್ಲ.

ಒಂದು ವರ್ಷ ತಾಲ್ಲೂಕಿನಲ್ಲಿ ಕಾಲುಬಾಯಿ ಜ್ವರ ಜೋರಾಯಿತು. ದಿನಾ ಹಳ್ಳಿ ತಿರುಗಿ ಗಾಡಿಯ ಎಂಜಿನ್ನಿನ ಮೇಲೆ ಎಣ್ಣೆ, ಸಗಣಿ, ಕೆಸರು ಎಲ್ಲ ಕಾದು ಕರಕಲು ಕಟ್ಟಿತ್ತು. ಅಷ್ಟರಲ್ಲಿ ಹಾಸನದಿಂದ ಮೇಲಧಿಕಾರಿಗಳು ತಪಾಸಣೆಗೆ ಬರುತ್ತಾರೆ ಎಂದು ಸುದ್ದಿ ಬಂತು. ಬೆಳಿಗ್ಗೆ ಹತ್ತಕ್ಕೆ ಬರುವವರು. ಎಂಟು ಗಂಟೆಯಾದರೂ ಇವರು ಅಂಟುವಾಳದ ನೀರಿನಲ್ಲಿ ಹಳೇ ಪಂಚೆಯ ಚೂರು ಅದ್ದಿ, ಮಗುವಿನ ಮುಖ ಒರೆಸಿದ ಹಾಗೆ ಒರೆಸುತ್ತಲೇ ಇದ್ದರು. ನನ್ನ ತಾಳ್ಮೆ ಕೆಟ್ಟಿತು. ಕೊಟ್ಟಿಗೆಯ ನೆಲ ತೊಳೆಯಲು ಕಾಸ್ಟಿಕ್ ಸೋಡಾದ ಡಬ್ಬಿ ಇಟ್ಟಿದ್ದೆವು. ಅದನ್ನು ತಂದು ಬಕೆಟ್ಟಿನ ನೀರಿಗೆ ಧಾರಾಳವಾಗಿ ಹಾಕಿ ಕಲಕಿದೆ. ಬಕೆಟ್ಟು ಬಿಸಿಯಾಯಿತು.

ಅವರು ಎದ್ದು ಬಂದು ದಾರ ಅದ್ದಿದರು. ಈ ಸಲ ದಾರ ಅದ್ದಿದ್ದೇ ತಡ ಕಡುಗೆಂಪಾಯಿತು.

"ಸಾ, ಬ್ಯಾಡಿ. ಇದು ನೆಂಟ ಅಲ್ಲ, ಸುಣ್ಣದ ಅಪ್ಪ."

"ಡಾಕ್ಟರು ನೀನೋ ನಾನೋ?" ಎಂದೆ. ಎಂಥ ಮಾತು! ಈಗಲೂ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಚೊಂಬಿನಲ್ಲಿ ಮೊಗೆದು ಎಂಜಿನ್ನಿನ ಮೇಲೆ ಸುರಿದೆ. ಅಲ್ಯೂಮಿನಿಯಂ ಬುಸ್ ಎಂದು ನೊರೆಯೆದ್ದು ಕಪ್ಪಾಗತೊಡಗಿತು. ಒಂದು ಹನಿ ನನ್ನ ಬಲ ಮಣಿಕಟ್ಟಿಗೆ ಸಿಡಿದು ನಾನು ಚೀರಿದೆ. ಕೈ ಕೊಡವುವ ಗಡಿಬಿಡಿಯಲ್ಲಿ ನನ್ನ ಮೊಣಕಾಲು ತಗುಲಿ ಬಕೆಟ್ಟು ನನ್ನ ಕಡೆಗೇ ವಾಲಿತು. ಅವರು ಎರಡೂ ಕೈ ಚಾಚಿ ಅದನ್ನು ತಮ್ಮ ಕಡೆಗೆ ಎಳೆದುಕೊಂಡರು. ನೀರೆಲ್ಲ ಅವರ ಕೈಗಳ ಮೇಲೆ, ಮೊಣಕೈವರೆಗೆ.

ಆಮೇಲೆ ಅವರು ಮಾಡಿದ್ದೇನು ಗೊತ್ತೇ? ನನ್ನ ರಟ್ಟೆ ಹಿಡಿದು ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿ ಮೊದಲು ನನ್ನ ಮಣಿಕಟ್ಟನ್ನು ನೀರಿಗೆ ಹಿಡಿದರು. "ಇಡ್ಕಳಿ ಸಾ, ತೆಗೀಬ್ಯಾಡಿ" ಎಂದು ಹೇಳಿ, ಆಮೇಲೆ ತಮ್ಮ ಕೈ ಒಡ್ಡಿದರು. ಚರ್ಮ ಆಗಲೇ ಜಾರುತ್ತಿತ್ತು.

ಅಧಿಕಾರಿಗಳು ಬಂದಾಗ ಅವರ ಕೈಗೆ ಬಟ್ಟೆ ಸುತ್ತಿತ್ತು, ಎಂಜಿನ್ನು ಇದ್ದಿಲಿನ ಬಣ್ಣಕ್ಕೆ ತಿರುಗಿತ್ತು. ಯಾರ ಕೆಲಸ ಇದು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಇವರು, "ನಂದೇ ಸಾ, ಗೊತ್ತಾಗ್ನಿಲ್ಲ, ಡಬ್ಬಿ ಬದ್ಲಾಗೋಯ್ತು" ಎಂದುಬಿಟ್ಟರು. ಅಧಿಕಾರಿಗಳು ನನ್ನ ಎದುರಿಗೇ ಅವರಿಗೆ ಛೀಮಾರಿ ಹಾಕಿದರು. ನಾನು ತುಟಿ ಪಿಟಕ್ಕೆನ್ನಲಿಲ್ಲ. ನನಗೆ ಆಗಷ್ಟೇ ಕೆಲಸ ಖಾಯಮಾಗುವುದರಲ್ಲಿತ್ತು. ಕಾರಣ ಅಷ್ಟೇ, ಬೇರೇನಿಲ್ಲ.

ಅವರ ಗಾಯ ಮಾಯಲು ಎರಡು ತಿಂಗಳಾಯಿತು. ಹುಣ್ಣು ಹೋದ ಕಡೆಯೆಲ್ಲ ಚರ್ಮ ಬಿಳಿಯಾಗಿ ಉಳಿಯಿತು, ಎರಡೂ ಕೈಗಳಿಗೆ ಯಾರೋ ಸುಣ್ಣ ಸಾರಿಸಿದ ಹಾಗೆ. ನನ್ನ ಮಣಿಕಟ್ಟಿನಲ್ಲೂ ಕಡಲೆಬೀಜದಷ್ಟು ಬಿಳಿ ಉಳಿಯಿತು. ನಾನು ಎಡಗೈಯಲ್ಲಿದ್ದ ಗಡಿಯಾರವನ್ನು ಬಲಗೈಗೆ ಕಟ್ಟಿಕೊಳ್ಳಲು ಶುರುಮಾಡಿದೆ. ಅವರು ಒಂದು ದಿನ ಅದನ್ನು ನೋಡಿ, "ಗಡಿಯಾರ ಈ ಕೈಗೆ ಬಂತಲ್ಲ ಸಾ" ಎಂದರು. "ಹೂಂ" ಎಂದೆ.

ಅಲ್ಲಿಂದ ಮುಂದೆ ಎಂಥ ಬೇಸಗೆಯಲ್ಲೂ ಅವರು ತುಂಬುತೋಳಿನ ಅಂಗಿ ಹಾಕಿ ಗುಂಡಿ ಬಿಗಿಯುತ್ತಿದ್ದರು. ಗಾಡಿ ತೊಳೆಯುವಾಗಲೂ ತೋಳು ಮಡಚುತ್ತಿರಲಿಲ್ಲ, ಒದ್ದೆ ತೋಳಿನಲ್ಲೇ ದಿನ ಕಳೆಯುತ್ತಿದ್ದರು. ಯಾಕೆ ಎಂದು ನನಗೆ ಗೊತ್ತಾದದ್ದು ಎರಡು ವರ್ಷದ ಮೇಲೆ. ಅವರಿಗೆ ಒಬ್ಬಳೇ ಮಗಳು, ಜಯಮ್ಮ ಎಂದಿಟ್ಟುಕೊಳ್ಳಿ. ಹಳ್ಳಿಮೈಸೂರಿನ ಅವರ ಮನೆಗೆ ಅವಳನ್ನು ನೋಡಲು ಬಂದ ಎರಡು ಗಂಡಿನ ಕಡೆಯವರು ಅಪ್ಪನ ಕೈ ನೋಡಿ ತೊನ್ನು ಎಂದು ಎದ್ದುಹೋಗಿದ್ದರಂತೆ. ಅಪ್ಪನಿಗಿದ್ದರೆ ಮಗಳಿಗೆ, ಮಗಳಿಗೆ ಬಂದರೆ ಮೊಮ್ಮಕ್ಕಳಿಗೆ ಎಂದು ಊರು ಮಾತಾಡುತ್ತಿತ್ತು. ಇದನ್ನು ಹೇಳಿದವರು ಅವರಲ್ಲ, ಗುಮಾಸ್ತರು.

ಮೂರನೆಯ ಸಂಬಂಧ ಅರಕಲಗೂಡಿನ ಕಡೆಯದು. ಹುಡುಗ ಚನ್ನರಾಯಪಟ್ಟಣದಲ್ಲಿ ಒಂದು ಸೈಕಲ್ ಷಾಪಿನಲ್ಲಿ ರಿಪೇರಿ ಕೆಲಸದವನು, ತಂದೆಯಿಲ್ಲ, ಸೋದರಮಾವನದೇ ಯಜಮಾನಿಕೆ. "ಭಾನ್ವಾರ ಬತ್ತಾರೆ ಸಾ. ನೀವು ಬಂದು ಸುಮ್ಕೆ ಕುಂತ್ರೆ ಸಾಕು, ಮನೆಗೆ ಒಂದ್ ಕಳೆ" ಎಂದು ಕರೆದರು. ಗಾಡಿಯಲ್ಲೇ ಹೋದೆ. ಅವರ ಕೇರಿಗೆ ನಾನು ಹೋದದ್ದು ಅದೇ ಮೊದಲು. ಎಲ್ಲರಿಗೂ ಕಾಫಿ ಕಾಯಿಸುತ್ತಿದ್ದರೆ, ಜಗಲಿಯಲ್ಲಿ ಕೂತಿದ್ದ ನನ್ನ ಮುಂದೆ ಮಾತ್ರ ಕೆತ್ತಿದ ಎಳನೀರು ಇಟ್ಟಿದ್ದರು. ಅವರ ಮನೆಯದನ್ನು ನಾನು ಕುಡಿಯುತ್ತೇನೋ ಇಲ್ಲವೋ ಎಂಬ ಅನುಮಾನ.

ಹುಡುಗ ಬಂದವನು ಕೂಡಲೇ ಜಗಲಿ ಹತ್ತಲಿಲ್ಲ. ಅಂಗಳದಲ್ಲಿ ನಿಲ್ಲಿಸಿದ್ದ ಫಟ್‌ಫಟಿಯ ಸುತ್ತ ಎರಡು ಸುತ್ತು ಹಾಕಿ, ಟ್ಯಾಂಕಿನಲ್ಲಿ ಮುಖ ನೋಡಿಕೊಂಡು, "ಇದನ್ನ ಯಾವ್ದರಲ್ಲಿ ತೊಳೀತೀರಿ? ಬಣ್ಣ ಒಂಚೂರೂ ಓಗಿಲ್ವಲ್ಲ!" ಎಂದ. ಇವರ ಮುಖ ಅರಳಿದ್ದನ್ನು ನೋಡಬೇಕಿತ್ತು. ನನ್ನ ಕಿವಿಯ ಹತ್ತಿರ ಬಗ್ಗಿ, "ಈ ಹುಡ್ಗ ಬೇಕು ಕಣ್ ಸಾ ನಮ್ ಜಯಮ್ಮಂಗೆ" ಎಂದು ಪಿಸುಗುಟ್ಟಿದರು.

ಬಂದವರಿಗೆ ಕೈಕಾಲಿಗೆ ನೀರು ಕೊಡುವುದು ಮನೆಯ ಯಜಮಾನನ ಕೆಲಸ. ಇವರು ಚೊಂಬು ಹಿಡಿದು ಸೋದರಮಾವನ ಕೈಗೆ ನೀರು ಬಗ್ಗಿಸಿದರು. ಅಂಗಿಯ ತೋಳು ನೆನೆದು ಮೈಗೆ ಅಂಟಿತು. ಆ ಮನುಷ್ಯ ಒಳ್ಳೆಯ ಮನಸ್ಸಿನಿಂದಲೇ, "ತೋಳು ಮಡಿಸ್ಕಳಿ ಬೀಗ್ರೇ, ನೆಂದೋಯ್ತು" ಎಂದು ತಾನೇ ಗುಂಡಿ ಬಿಚ್ಚಿ ಮೇಲಕ್ಕೆ ಸರಿಸಿಬಿಟ್ಟ. ಸರಿಸಿದ ಕೈ ಅಲ್ಲೇ ನಿಂತಿತು.

"ಏನಿದು?"

"ಸುಟ್ಟಿದ್ದು."

"ಎಲ್ರೂ ಅಂಗೇ ಏಳ್ತಾರೆ. ಯಾವ್ದರಲ್ಲಿ ಸುಟ್ಕಂಡ್ರಿ?"

ಇವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ನೆಲ ನೋಡುತ್ತ, "ಒಲೇಲಿ" ಎಂದರು.

"ಒಲೇಲಿ ಎಲ್ಡೂ ಕೈ ಒಂದೇ ಸಮ್ನಾಗಿ, ಮೊಣಕೈಗಂಟ? ಏನ್ ಒಲೆಯೊಳ್ಗೆ ಈಜಕ್ಕೆ ಓಗಿದ್ರಾ?" ಸೋದರಮಾವ ಹೆಗಲ ಟವಲು ಕೊಡವಿದ. "ನಡೀರ್ಲಾ, ಓಗಾನ."

ಬಾಗಿಲ ಹಿಂದೆ ಬಳೆ ಸದ್ದಾಯಿತು. ಜಯಮ್ಮ ಅಲ್ಲಿ ನಿಂತಿದ್ದಳು. ಇವರು ಚೊಂಬು ಹಿಡಿದುಕೊಂಡು ನಿಂತೇ ಇದ್ದರು, ನೀರು ಅವರ ಪಾದದ ಮೇಲೆ ಸುರಿಯುತ್ತಿತ್ತು. ನನ್ನ ಮಾನ ಕಾಯಲು ಮಗಳ ಮದುವೆಯನ್ನೇ ಬಿಟ್ಟುಕೊಡಲು ಹೊರಟಿದ್ದ ಮನುಷ್ಯ! ನಾನು ಎದ್ದು ನಿಂತೆ.

"ಒಲೆಯಲ್ಲಲ್ಲ. ನಾನು ಸುಟ್ಟದ್ದು."

ಎಲ್ಲರೂ ತಿರುಗಿದರು. ಒಂದನ್ನೂ ಬಿಡದೆ ಹೇಳಿದೆ: ಡಬ್ಬಿ, ಬಕೆಟ್ಟು, ದಾರ ಕೆಂಪಾದದ್ದು, ಬೇಡ ಎಂದರೂ ಕೇಳದೆ ನಾನು ಅಂದ ಮಾತು, ಅಧಿಕಾರಿಗಳ ಮುಂದೆ ಬಾಯಿ ಮುಚ್ಚಿಕೊಂಡು ನಿಂತದ್ದು. ಅವರು ನಡುವೆ, "ಸಾ, ಬುಡಿ ಸಾ, ಯಾಕ್ ಸಾ" ಎನ್ನುತ್ತಲೇ ಇದ್ದರು.

ಸೋದರಮಾವ ಕರಗಲಿಲ್ಲ. "ಡಾಕ್ಟ್ರೇ, ನಿಮ್ ಜವಾನ್ರಿಗೋಸ್ಕರ ನೀವು ಇಷ್ಟಾದ್ರೂ ಏಳ್ಲೇಬೇಕು. ನಾವ್ ನಂಬಾದ್ ಎಂಗೆ?"

ಆಗ ನಾನು ಗಡಿಯಾರ ಬಿಚ್ಚಿದೆ. ಮಣಿಕಟ್ಟನ್ನು ಅವರ ಕೈಯ ಪಕ್ಕದಲ್ಲಿ ಇಟ್ಟೆ. ಅದೇ ಬಿಳಿ. ಸೋದರಮಾವ ಹೆಬ್ಬೆರಳನ್ನು ಒದ್ದೆ ಮಾಡಿಕೊಂಡು ನನ್ನ ಕಲೆಯನ್ನು ಉಜ್ಜಿ ನೋಡಿದ, ಆಮೇಲೆ ಅವರ ಕೈಯನ್ನು ಉದ್ದಕ್ಕೂ ಸವರಿದ. "ಗಂಟುಗಂಟು ಐತೆ ಕಣ್ಲಾ" ಎಂದ ಹುಡುಗನ ಕಡೆ ತಿರುಗಿ. "ನಮ್ ಚಿಕ್ಕಪ್ಪಂಗೆ ತೊನ್ನಿತ್ತು, ನಂಗೊತ್ತು. ಅದು ನುಣ್ಣಗಿರ್ತದೆ. ಇದು ಸುಟ್ಟಿದ್ದೇ." ಆಮೇಲೆ ನನ್ನ ಕಡೆ ತಿರುಗಿ, "ತಪ್ಪು ಒಪ್ಕೊಂಡ ಡಾಕ್ಟ್ರನ್ನ ನಾನು ನೋಡಿದ್ದು ಇವತ್ತೇಯ" ಎಂದು ಜಗಲಿಯ ಚಾಪೆಯ ಮೇಲೆ ಕೂತ. ಉಳಿದವರೂ ಕೂತರು. ನಾನು ಎಳನೀರು ಪಕ್ಕಕ್ಕಿಟ್ಟು, ನನಗೂ ಕಾಫಿ ಬೇಕು ಎಂದೆ.

ಲೋಟ ತಂದುಕೊಟ್ಟವಳು ಜಯಮ್ಮ. ನನ್ನ ಮುಖ ನೋಡಲಿಲ್ಲ. "ನಂಗೂ ಒಲೆ ಅಂತ್ಲೇ ಏಳಿತ್ತು ಅಪ್ಪಯ್ಯ" ಎಂದಷ್ಟೇ ಹೇಳಿ ಒಳಗೆ ಹೋದಳು. ಅವಳ ಕೋಪ ನ್ಯಾಯವಾದದ್ದು. ನಾನು ಕಾಫಿ ಪೂರ್ತಿ ಕುಡಿದೆ.

ಮಾತು ಮುಗಿದು ಹೊರಟಾಗ ನಾನು ಗಡಿಯಾರವನ್ನು ಎಡಗೈಗೆ ಕಟ್ಟಿದೆ. ಅವರೂ ಹೊಳೆನರಸೀಪುರಕ್ಕೆ ಬರಬೇಕಿತ್ತು. "ಹತ್ತಿ, ಹೋಗೋಣ" ಎಂದೆ. "ಅಂಗೆಲ್ಲ ಬಹುವಚನ ಬ್ಯಾಡಿ ಸಾ" ಎಂದು ಮುದುಡಿದರು. "ಹತ್ತದಿದ್ದರೆ ನಾನೂ ತಳ್ಳಿಕೊಂಡು ನಡೆದೇ ಬರುತ್ತೇನೆ" ಎಂದು ಗದರಿದ ಮೇಲೆ ಹತ್ತಿದರು. ದಾರಿಯುದ್ದಕ್ಕೂ ಹಿಂದಿನ ಕಂಬಿ ಹಿಡಿಯಲಿಲ್ಲ. ಯಾಕೆ ಎಂದರೆ, "ಬೆವ್ರು ಕೈ ಸಾ, ಹೊಳಪು ಮಂಕಾಯ್ತದೆ" ಎಂದು ನನ್ನ ಹೆಗಲು ಹಿಡಿದುಕೊಂಡರು. ಆ ಒರಟು ಕೈಗಳ ಭಾರ ಊರು ಬರುವ ತನಕ ನನ್ನ ಹೆಗಲ ಮೇಲಿತ್ತು.

ಮದುವೆಯ ದಿನ ಆರತಿ ತಟ್ಟೆ ಬಂತು, ಅರಿಸಿನದ ನೀರಿಗೆ ಸುಣ್ಣ ಕಲಸಿ ಕೆಂಪು ಮಾಡಿದ್ದು. ಇವರು ನನ್ನನ್ನು ಜನರ ನಡುವಿನಿಂದ ಕರೆದು, ಗುಂಡಿಯ ದಾರ ಎಳೆದು ಅದರಲ್ಲಿ ಅದ್ದಿದರು.

"ಕೆಂಪಾಯ್ತು ಸಾ!"

"ಹಾಗಾದರೆ ಬೇಡವೇ?" ಎಂದೆ.

"ಇದೊಂದು ಕೆಂಪು ಬೇಕು ಸಾ" ಎಂದವರು, ಅಷ್ಟು ಜನರ ಎದುರಿಗೆ, ಬಿಳಿ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಅವತ್ತು ಅವರು ಹಾಕಿದ್ದು ಅರ್ಧತೋಳಿನ ಅಂಗಿ.

ಆಮೇಲೆ ನನಗೆ ಹಾಸನಕ್ಕೆ ವರ್ಗವಾಯಿತು. ಅಲ್ಲಿ ಜೀಪು ಕೊಟ್ಟರು. ಅವರು ನಿವೃತ್ತರಾಗಿ ಊರು ಸೇರಿದ ಮೇಲೂ ವರ್ಷಕ್ಕೊಮ್ಮೆ ಒಂದು ಚೀಲ ಅಂಟುವಾಳ ಯಾರ ಕೈಯಲ್ಲಾದರೂ ಕಳಿಸುತ್ತಿದ್ದರು, "ಜೀಪಿಗೂ ಇದೇ ಆಗ್ತದೆ" ಎಂದು ಹೇಳಿಕಳಿಸಿ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ ಒಂದು ಬೆಳಿಗ್ಗೆ ಅವರ ಅಳಿಯ ಮನೆ ಬಾಗಿಲಿಗೆ ಬಂದು ನಿಂತ. ಮುಖ ನೋಡಿದರೆ ಸಾಕಾಗಿತ್ತು, ಹೇಳಬೇಕಾಗಿರಲಿಲ್ಲ.

ನಾನು ಹೋದಾಗ ಅವರನ್ನು ಅಂಗಳದ ಕಲ್ಲಿನ ಮೇಲೆ ಮಲಗಿಸಿ ಸ್ನಾನಕ್ಕೆ ಅಣಿಮಾಡುತ್ತಿದ್ದರು. ನೆಂಟರಲ್ಲೊಬ್ಬರು ಪಾಪ, ಪ್ರೀತಿಯಿಂದಲೇ, ಹೊಸ ಸೋಪು ತಂದು ಕಾಗದ ಬಿಚ್ಚಿ ಚೊಂಬಿನ ನೀರಿನಲ್ಲಿ ಅದ್ದಿದ್ದರು. ಒಳ್ಳೆಯ ಘಮ ಬರುತ್ತಿತ್ತು.

"ಬ್ಯಾಡಿ, ತಡೀರಿ" ಎಂದಳು ಜಯಮ್ಮ.

ಅತ್ತು ಅತ್ತು ಅವಳ ಕಣ್ಣು ಊದಿದ್ದವು. ಅಪ್ಪನ ಮೈಯಿಂದ ತೆಗೆದಿಟ್ಟಿದ್ದ ಅಂಗಿಯನ್ನು ಎತ್ತಿಕೊಂಡು ಗುಂಡಿಯಿಂದ ದಾರ ಬಿಚ್ಚಿದಳು. ಸೋಪು ಅದ್ದಿದ ಚೊಂಬಿನಲ್ಲಿ ತುದಿ ಮುಳುಗಿಸಿ ನೋಡಿದಳು, ಕೆಂಪಾಯಿತು. ಆ ನೀರನ್ನು ಮೋರಿಗೆ ಚೆಲ್ಲಿದಳು. ಒಳಗಿನಿಂದ ಅಂಟುವಾಳ ನೆನೆಸಿದ ಪಾತ್ರೆ ತಂದು, ದಾರದ ಇನ್ನೊಂದು ತುದಿಯನ್ನು ಅದರಲ್ಲಿ ಅದ್ದಿ ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಳು. ಯಾರೂ ಅವಸರ ಮಾಡಲಿಲ್ಲ. ದಾರ ಹಳದಿಯಾಗಿಯೇ ಇತ್ತು.

ಆಗ ಅವಳು ಚೊಂಬು ತುಂಬಿ ನನ್ನ ಕೈಗೆ ಕೊಟ್ಟಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದಳು.

"ಈಗ ಉಯ್ರಿ ಸಾ. ಮೊದ್ಲು ನೀವೇ ಉಯ್ರಿ."

ನಾನು ಬಗ್ಗಿ, ಮೊದಲು ಅವರ ಕೈಗಳಿಗೆ ಹುಯ್ದೆ.